ಪರದೆಯಾಚೆಯ ಅಪ್ಪಣೆ

“ಅಮ್ಮಾ, ಬಣ್ಣದಜ್ಜ ಬಾಯಿ ತೆಕ್ಕೊಂಡು ನಿದ್ದೆ ಮಾಡ್ತಿದಾನೆ. ಮತ್ತೆ ಅವನು ಹೇಳಿದ್ದು ಅಜ್ಜಿಗೆ ಹೇಗೆ ಕೇಳಿಸ್ತು?”

ಎದುರುಮನೆಯ ಪುಟ್ಟಿ ಕೇಳಿದ್ದು ತನ್ನ ತಾಯಿಯನ್ನೇ. ಆದರೆ ಕೇಳಿದ ಜಾಗ ಬಣ್ಣದಂಗಡಿಯ ನಟ್ಟನಡುವೆ. ಅವಳ ಚೆಂಡು ಉರುಳಿಕೊಂಡು ಹೋಗಿ ಒಳಕೋಣೆಯ ಪರದೆಯಡಿ ನುಸುಳಿತ್ತು. ಹಿಂದೆಯೇ ಪುಟ್ಟಿಯೂ ನುಸುಳಿ, ಚೆಂಡಿನ ಜೊತೆಗೆ ಈ ಪ್ರಶ್ನೆಯನ್ನೂ ಎತ್ತಿಕೊಂಡು ಬಂದಿದ್ದಳು.

ಮೇಜಿನ ಆಚೆ ನಿಂತಿದ್ದ ಬಣ್ಣದಕ್ಕನ ಕೈ ತಟ್ಟನೆ ನಿಂತಿತು. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಮಕ್ಕಳಿಗೆ ಮಾತ್ರ ಬಣ್ಣದಜ್ಜಿ. ಮಾಸಿದ ಬಟ್ಟೆಗೆ, ಬಿಳಿ ನೂಲಿಗೆ ಬಣ್ಣ ಹಾಕಿಕೊಡುವ ಆ ಅಂಗಡಿ ಅವಳ ಗಂಡನದು. ಕ್ಷಣದ ಹಿಂದಷ್ಟೇ ಅವಳು ಅದೇ ಪರದೆಯೊಳಗೆ ತಲೆ ಹಾಕಿ, ತುಸು ಹೊತ್ತು ನಿಂತು, ಹೊರಗೆ ಬಂದು, ಮೂಲೆಯಂಗಡಿಯ ದರ್ಜಿಗೆ ಹೇಳಿದ್ದಳು: “ಅವರು ಹೇಳ್ತಿದಾರೆ, ಕಪ್ಪು ಬೇಡವಂತೆ. ಕಡುನೀಲಿಗೆ ಅದ್ದಿದರೆ ನಿಮ್ಮ ಕೋಟು ಇನ್ನೊಂದು ಜನ್ಮ ಬಾಳುತ್ತಂತೆ.”

ಪುಟ್ಟಿಯ ತಾಯಿ ನಾಚಿಕೆಯಿಂದ ಕೆಂಪಗಾಗಿ ಮಗಳ ತೋಳು ಹಿಡಿದೆಳೆದಳು. ದರ್ಜಿ ಮಾತ್ರ ಗಹಗಹಿಸಿ ನಕ್ಕ. “ಏ ಪುಟ್ಟಿ, ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡ ಗೊರಕೆ ಹೊಡೆದರೂ ಹೆಂಡತಿಗೆ ಅರ್ಥ ಆಗುತ್ತೆ ಕಣೇ. ನಮ್ಮನೆಯವಳಿಗೆ ನಾನು ಎಚ್ಚರವಾಗಿದ್ದು ಹೇಳಿದ್ದೇ ಅರ್ಥ ಆಗಲ್ಲ, ಆ ಮಾತು ಬೇರೆ!”

ಎಲ್ಲರೂ ನಕ್ಕರು. ಬಣ್ಣದಕ್ಕನೂ ನಕ್ಕಳು. ಆದರೆ ಹಂಡೆಯ ನೀರಿನಲ್ಲಿ ಕಂಡ ಮುಖದ ಹಾಗೆ ಆ ನಗು ಸ್ವಲ್ಪ ಅಲುಗಾಡುತ್ತಿತ್ತು.

ಆ ಅಂಗಡಿಯೊಳಗೆ ಬೆಳಕು ಯಾವತ್ತೂ ನೆಟ್ಟಗೆ ಬಿದ್ದದ್ದಿಲ್ಲ. ಹಿತ್ತಲಿನ ಅಂಗಳದಲ್ಲಿ ಬಿದಿರಿನ ಗಳುಗಳ ಮೇಲೆ ನೂಲಿನ ಲಡಿಗಳು ಸಾಲಾಗಿ ತೂಗುತ್ತಿರುತ್ತವೆ. ಬಿಸಿಲು ಅವುಗಳ ನಡುವೆ ತೂರಿ ಬರುವಾಗ ಕೆಂಪೋ ಹಳದಿಯೋ ಆಗಿಯೇ ಒಳಗೆ ಕಾಲಿಡುತ್ತದೆ. ಹಂಡೆಗಳಿಂದೇಳುವ ಹಬೆಯಲ್ಲಿ ಓಡಾಡುವವರು ನೀರಿನ ತಳದಲ್ಲಿ ನಡೆದಾಡುವವರ ಹಾಗೆ ಕಾಣುತ್ತಾರೆ. ಮೊದಲ ಸಲ ಬಂದವರು ಬಂದ ಕೆಲಸವನ್ನೇ ಮರೆತು, ಗೋಡೆಯ ಮೇಲೆ ತೇಲುವ ಬಣ್ಣಗಳನ್ನು ನೋಡುತ್ತ ನಿಂತುಬಿಡುವುದುಂಟು.

ಬಣ್ಣದಕ್ಕನೂ ಹಾಗೆ ನಿಂತವಳೇ. ಅವಳು ಆ ಅಂಗಡಿಗೆ ಮೊದಲು ಬಂದದ್ದು ಗಿರಾಕಿಯಾಗಿ, ತನ್ನ ಅಕ್ಕ ಹಾಕಿ ಬಿಟ್ಟ ಕೋಟನ್ನು ತೋಳ ಮೇಲೆ ಹಾಕಿಕೊಂಡು. “ಇದು ಅಕ್ಕನದು ಅಂತ ಯಾರಿಗೂ ಗೊತ್ತಾಗಬಾರದು, ಹಾಗೆ ಬಣ್ಣ ಬದಲಿಸಿ ಕೊಡಿ” ಎಂದಿದ್ದಳು. ತರುಣ ಬಣ್ಣಗಾರ ನಾಳೆ ಬನ್ನಿ ಎಂದ. ನಾಳೆ ಬಂದರೆ, “ಬಣ್ಣ ಹಿಡೀತಿಲ್ಲ, ಹಠಮಾರಿ ಬಟ್ಟೆ” ಎಂದ. ಮರುದಿನವೂ ಅದೇ ಮಾತು, ಮರುವಾರವೂ ಅದೇ. ಕೊನೆಗೊಮ್ಮೆ ಅವಳು ಇಣುಕಿ ನೋಡಿದರೆ ಕೋಟು ಮೊಳೆಗೆ ತೂಗಿಕೊಂಡು ಒಣಒಣ ನಗುತ್ತಿತ್ತು. ಇನ್ನೂ ಹಂಡೆಯ ಮುಖವನ್ನೇ ಕಂಡಿರಲಿಲ್ಲ.

“ಹಠಮಾರಿ ಬಟ್ಟೆಯಲ್ಲ ರೀ, ಬಣ್ಣಗಾರ!” ಎಂದಳು ಸೊಂಟದ ಮೇಲೆ ಕೈಯಿಟ್ಟು.

“ಬಣ್ಣ ಹಾಕಿಕೊಟ್ಟುಬಿಟ್ಟರೆ ನೀವು ಮತ್ತೆ ಬರ್ತೀರಾ?” ಎಂದು ಅವನು ಕೇಳಿದ. ಅವನ ಆಯುಷ್ಯದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದೇ ಎಂದು ಅವಳು ಆಮೇಲೆ ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದಳು.

ಮಕ್ಕಳಾಗಲಿಲ್ಲ. ಅದರ ನೋವು ಬಂತು, ಇತ್ತು, ನಿಧಾನವಾಗಿ ತಿಳಿಯಾಯಿತು. ಇಬ್ಬರೂ ಹಂಡೆಗಳ ನಡುವೆ ಬದುಕಿದರು. ಬಣ್ಣ ಕಲಸುವುದು, ಕೋಲಿನಿಂದ ಲಡಿ ತಿರುಗಿಸುವುದು, ಹಿಂಡುವುದು, ಒಣಹಾಕುವುದು ಎಲ್ಲವನ್ನೂ ಅವಳು ಕಲಿತಳು. ಆದರೆ ಬಣ್ಣ ಕೂತಿತೋ ಇಲ್ಲವೋ ಎಂಬ ಕೊನೆಯ ಮಾತು ಅವನದೇ. ಒದ್ದೆ ಬಟ್ಟೆ ಎಲ್ಲರಿಗೂ ಮೋಸ ಮಾಡುತ್ತದೆ. ನೀರಿನಲ್ಲಿ ಕಡುವಾಗಿ ಕಂಡದ್ದು ಒಣಗಿದರೆ ಪೇಲವ. ಅದಕ್ಕೇ ಅವನು ಒಂದು ಮೂಲೆ ಹಿಂಡಿ, ಉಫ್ ಎಂದು ಊದಿ, ಬಾಗಿಲಿಗೆ ಹೋಗಿ ಎತ್ತಿ ಹಿಡಿಯುತ್ತಿದ್ದ. “ಬನ್ನಿ, ಕೂತ್ಕೊಳ್ಳಿ. ಅವಸರ ಬೇಡ. ಬೆಳಕಿಗೆ ಹಿಡಿದು ನೋಡಿ.” ಗಿರಾಕಿಗಳೊಂದಿಗೆ ಅವನು ಆಡುತ್ತಿದ್ದದ್ದು ಇಷ್ಟೇ ಮಾತು.

ಮರೆವು ಬಂದದ್ದು ಬಿಸಿಲಿಗೆ ಪರದೆ ಮಾಸುವ ಹಾಗೆ. ಯಾವ ದಿನ ಮಾಸಿತು ಎಂದು ಯಾರು ಹೇಳಬಲ್ಲರು? ಮೊದಲು ಹೆಸರುಗಳು ಹೋದವು. ಆಮೇಲೆ ಅಂಚೆ ಕಚೇರಿಯ ದಾರಿ ಹೋಯಿತು. ಡಾಕ್ಟರು ಕಾಯಿಲೆಯ ಹೆಸರು ಹೇಳಿ, ಇದು ಹಿಂದಕ್ಕೆ ಹೋಗುವ ಬಂಡಿಯಲ್ಲ ಎಂದರು. ಒಂದು ಮಧ್ಯಾಹ್ನ, ಸ್ವೆಟರ್ ಹೆಣೆಯುವ ಹೆಂಗಸೊಬ್ಬಳು ಹಸಿರು ಲಡಿ ಮುಂದೆ ಹಿಡಿದು, “ಸಾಕಾ, ಇನ್ನೂ ಬೇಕಾ?” ಎಂದು ಕೇಳಿದಳು. ಬಣ್ಣಗಾರ ಲಡಿಯನ್ನು ಕೈಗೆ ತೆಗೆದುಕೊಂಡ. ನೋಡಿದ. ನೋಡುತ್ತಲೇ ಇದ್ದ. ಆ ಹಸಿರಿನೊಳಗೆ ಎಲ್ಲೋ ದೂರ ನಡೆದುಹೋದವನ ಹಾಗೆ ಅವನ ಮುಖ ಚಿಕ್ಕದಾಗುತ್ತ ಹೋಯಿತು. ಆ ಹೆಂಗಸಿನ ಹುಬ್ಬು ಮೇಲೇರತೊಡಗಿತು.

“ಅವರು ಹೇಳ್ತಿದಾರೆ, ಇನ್ನೊಂದು ಮುಳುಗು ಬೇಕಂತೆ” ಎಂದುಬಿಟ್ಟಳು ಬಣ್ಣದಕ್ಕ, ಹಿಂದಿನಿಂದ.

ಹುಬ್ಬು ಕೆಳಗಿಳಿಯಿತು. ಗಂಡ ತಿರುಗಿ ಅವಳ ಕಡೆ ನೋಡಿದ. ಬಿದ್ದ ವಸ್ತುವನ್ನು ಯಾರೋ ಎತ್ತಿಕೊಟ್ಟಾಗ ನೋಡುತ್ತೇವಲ್ಲ, ಹಾಗೆ.

ಅಲ್ಲಿಂದ ಶುರುವಾದದ್ದು ಅಭ್ಯಾಸವಾಯಿತು, ಅಭ್ಯಾಸ ಅಂಗಡಿಯ ಪದ್ಧತಿಯಾಯಿತು. ಬಣ್ಣಗಾರ ಒಳಕೋಣೆಯ ಕಿಟಕಿಯ ಪಕ್ಕದ ಕುರ್ಚಿಗೆ ಸರಿದ. ಮಡಿಲಲ್ಲಿ ಒಂದು ನೂಲಿನ ಉಂಡೆ, ಬಿಚ್ಚುತ್ತಿದ್ದ, ಸುತ್ತುತ್ತಿದ್ದ. ಗಿರಾಕಿ ಬಂದರೆ ಬಣ್ಣದಕ್ಕ, “ಇರಿ, ಅವರನ್ನ ಒಂದು ಮಾತು ಕೇಳಿ ಬರ್ತೀನಿ” ಎಂದು ಪರದೆ ಸರಿಸುವಳು. ಎರಡು ಉಸಿರಿನಷ್ಟು ಹೊತ್ತು ನಿಲ್ಲುವಳು. ಆಮೇಲೆ ಅಪ್ಪಣೆ ಹೊರಬೀಳುವುದು.

ತಮಾಷೆಯೆಂದರೆ, ಪರದೆಯ ಹಿಂದೆ ಹೋದ ಮೇಲೆ ಬಣ್ಣಗಾರನ ಕೀರ್ತಿ ಇನ್ನೂ ಏರಿತು. ಕಾಣದ ಮನುಷ್ಯನ ಮಾತಿಗೆ ಎಲ್ಲಿಲ್ಲದ ತೂಕ. “ನನಗೇನೋ ಪರವಾಗಿಲ್ಲ, ಅವರು ಒಪ್ತಿಲ್ಲ” ಎಂದು ಬಣ್ಣದಕ್ಕ ಜಗಳಗಂಟ ಗಿರಾಕಿಗಳನ್ನು ಸಾಗಹಾಕುವುದನ್ನೂ ಕಲಿತಳು. ಎಂದೂ ಯಾರಿಗೂ ಗದರದ ಆ ಮನುಷ್ಯ ಬೀದಿಯಲ್ಲಿ ಭಾರೀ ಕಟ್ಟುನಿಟ್ಟಿನವನು ಎಂದು ಹೆಸರಾದ. ಪುಟ್ಟಿ ಹುಟ್ಟುವ ಮೊದಲು ಅವಳ ತಾಯಿ ತೊಟ್ಟಿಲಿನ ಹೊದಿಕೆಗೆ ಬಣ್ಣ ಕೇಳಲು ಬಂದಿದ್ದಾಗ, “ಎಳೆಯ ಎಲೆಯ ಹಸಿರು ಅಂತ ಹೇಳ್ತಿದಾರೆ ಕಣೇ ಹುಡುಗಿ” ಎಂದು ಪರದೆಯಿಂದ ಬಂದ ಮಾತು ಕೇಳಿ ಆ ಬಸುರಿ ಹುಡುಗಿಯ ಕಣ್ಣು ತುಂಬಿತ್ತು.

ಆ ಎರಡು ಉಸಿರಿನ ಹೊತ್ತು ಬಣ್ಣದಕ್ಕ ಅಲ್ಲಿ ಏನು ಮಾಡುತ್ತಿದ್ದಳು? ಸುಮ್ಮನೆ ಅವನನ್ನು ನೋಡುತ್ತಿದ್ದಳು. ಮುಚ್ಚಿದ ಕಿಟಕಿಯ ಗಾಜಿನಿಂದ ಬಂದ ಬಣ್ಣದ ಬೆಳಕು ಅವನ ಕೆನ್ನೆಯ ಮೇಲಿರುತ್ತಿತ್ತು. ದಿನದ ಗಲಾಟೆಯಲ್ಲಿ ಅವಳಿಗೆ ಸಿಗುತ್ತಿದ್ದ ವಿಶ್ರಾಂತಿ ಅದೊಂದೇ. ಏನು ಹೇಳಬೇಕೆಂದು ಅವಳಿಗೆ ಹೊರಗಿದ್ದಾಗಲೇ ಗೊತ್ತಿರುತ್ತಿತ್ತು. ಆದರೂ ಅವನ ಮುಖ ನೋಡಿ ಬಂದು ಹೇಳಿದರೆ ಅದು ಸುಳ್ಳು ಅನ್ನಿಸುತ್ತಿರಲಿಲ್ಲ.

ಹೀಗೇ ಕಾಲ ಹೋಗಿಬಿಡುತ್ತಿತ್ತೇನೋ. ಪುಟ್ಟಿಯ ಚೆಂಡು ಉರುಳಿದ ಆ ವಾರವೇ ಕಟ್ಟಡದ ಯಜಮಾನ ಬಂದ. ಅಪ್ಪ ತೀರಿಕೊಂಡ ಮೇಲೆ ಯಜಮಾನಿಕೆ ಹೊತ್ತುಕೊಂಡ ಹುಡುಗ, ಮಾತಿನಲ್ಲಿ ಮರ್ಯಾದೆಯಿತ್ತು.

“ಅಕ್ಕ, ತಪ್ಪು ತಿಳೀಬೇಡಿ. ಅಪ್ಪ ಮಾಡಿಕೊಟ್ಟ ಕರಾರು ವರ್ಷದ ಕೊನೆಗೆ ಮುಗಿಯುತ್ತೆ. ಮುಂದುವರಿಸಿಕೊಳ್ಳೋ ಹಕ್ಕು ನಿಮ್ಮ ಯಜಮಾನರ ಹೆಸರಲ್ಲೇ ಇದೆ. ಅವರು ಓದಿ ಒಂದು ಸಹಿ ಹಾಕಿದರೆ ಮುಗೀತು. ಇಲ್ಲಾಂದ್ರೆ ಔಷಧಿ ಅಂಗಡಿಯವರು ಈ ಜಾಗಕ್ಕೆ ಕಾದು ಕೂತಿದಾರೆ.”

“ನಾನು ಹಾಕಿದ್ರೆ ಆಗಲ್ವೇನಪ್ಪಾ?”

“ನೀವು ಅವರ ಹೆಂಡತಿ ಅಕ್ಕ. ಅವರಲ್ಲವಲ್ಲ.”

ಬೇರೆ ಬೀದಿಯಲ್ಲಿ ಹಂಡೆ ಹೂಡುವುದು ಬಣ್ಣದಕ್ಕನಿಗೆ ದೊಡ್ಡ ಮಾತಲ್ಲ. ಆದರೆ ಬಣ್ಣಗಾರನಿಗೆ ಈಗ ಉಳಿದಿದ್ದ ಲೋಕವೆಂದರೆ ಈ ಎರಡು ಕೋಣೆ, ಒಂದು ಅಂಗಳ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಗೋಡೆ ಸವರಿಕೊಂಡು ತಾನೇ ಹೋಗುತ್ತಿದ್ದ. ತಲೆ ಮರೆತದ್ದನ್ನು ಅಂಗೈ ನೆನಪಿಟ್ಟುಕೊಂಡಿತ್ತು. ಒಮ್ಮೆ ಅವಳು ತನ್ನ ತಂಗಿಯ ಮನೆಗೆ ಕರೆದುಕೊಂಡು ಹೋದಾಗ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತವನು ಕೂರಲೂ ಇಲ್ಲ, ಉಣ್ಣಲೂ ಇಲ್ಲ. “ಮನೆಗೆ ಹೋಗೋಣ” ಎಂದು ಮೆಲ್ಲಗೆ, ಬೇರೆಯವರಿಗೆ ತೊಂದರೆಯಾಗಬಾರದೆಂಬ ಹಾಗೆ, ಹೇಳುತ್ತಲೇ ಇದ್ದ. ಈ ಗೋಡೆಗಳು ಹೋದರೆ ಅವನಲ್ಲಿ ಉಳಿದಿರುವಷ್ಟೂ ಹೋಗುತ್ತದೆ ಎಂದು ಅವಳಿಗೆ ಆವತ್ತೇ ಗೊತ್ತಾಗಿತ್ತು.

ಅವಳು ಅವನ ಕೈಗೆ ಪೆನ್ನು ಕೊಟ್ಟು ನೋಡಿದಳು. ಅವನು ಕಾಗದದ ಅಂಚಿನಗುಂಟ ಒಂದು ಗೆರೆ ಎಳೆದ. ಗೆರೆ ಕಾಗದ ದಾಟಿತು, ಮೇಜು ಸೇರಿತು, ನೂಲಿನ ಹಾಗೆ ಸಾಗುತ್ತಲೇ ಹೋಯಿತು. ಅವನ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಪೆನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಅವಳು ಹುಡುಕಿಕೊಂಡು ಹೋದ ವಕೀಲ ಕನ್ನಡಕ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡ. “ಕೈ ಹಿಡಿದು ಬರೆಸೋ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ ಅಮ್ಮ, ಅದು ಸಹಿಯಲ್ಲ. ವಯಸ್ಸಿಗೆ ಬಂದ ಮನುಷ್ಯನ ಪರವಾಗಿ ಇನ್ನೊಬ್ಬರು ನಿರ್ಧಾರ ಮಾಡಬೇಕಾದರೆ ನ್ಯಾಯಾಲಯ ಅವರನ್ನ ಪಾಲಕರು ಅಂತ ನೇಮಿಸಬೇಕು.”

“ಮಕ್ಕಳಿಗಲ್ವೇ ಪಾಲಕರು?”

“ತಿಳಿವಳಿಕೆ ಕೈಕೊಟ್ಟ ದೊಡ್ಡವರಿಗೂ ಉಂಟು. ಹೆಂಡತಿ ಅನ್ನೋ ಕಾರಣಕ್ಕೆ ತಾನಾಗೇ ಬರಲ್ಲ ಅಷ್ಟೇ. ಅವರಿಗೆ ನಿಜವಾಗಿಯೂ ತಿಳಿಯಲ್ಲ ಅಂತ ತೋರಿಸಬೇಕು. ನೀವು ಅವರ ಹಿತ ನೋಡೋರು ಅಂತಾನೂ ತೋರಿಸಬೇಕು. ಒಬ್ಬ ಅಧಿಕಾರಿ ಮನೆಗೆ ಬಂದು ನೋಡ್ತಾರೆ, ಅಕ್ಕಪಕ್ಕ ವಿಚಾರಿಸ್ತಾರೆ. ಇದ್ದದ್ದು ಇದ್ದ ಹಾಗೆ ಇರಲಿ, ಸಾಕು.”

ಇದ್ದದ್ದು ಇದ್ದ ಹಾಗೆ! ಅದೇ ಅಲ್ಲವೇ ಅವಳ ಕೈಯಲ್ಲಿ ಆಗದ ಕೆಲಸ?

ನ್ಯಾಯಾಲಯಕ್ಕೆ ಅರ್ಜಿ ಹೋಯಿತು, ವಿಚಾರಣೆಯ ಅಧಿಕಾರಿ ಬಂದಳು. ಮೃದು ಮಾತಿನ, ಉದ್ದ ಬೆರಳುಗಳ ಹೆಂಗಸು. ಬಣ್ಣದಕ್ಕ ಆವತ್ತು ಎಂದಿಗಿಂತ ಮುಂಚೆ ಎದ್ದು ಗಂಡನಿಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿದ್ದಳು. ಅಧಿಕಾರಿ ಬರುತ್ತಿದ್ದದ್ದೇ ಅವನಿಗೆ ಏನೂ ತಿಳಿಯದು ಎಂಬುದನ್ನು ಕಣ್ಣಾರೆ ನೋಡಲು. ಇವಳು ಅವನನ್ನು ಮದುಮಗನ ಹಾಗೆ ಸಿಂಗರಿಸಿ ಕೂರಿಸಿದ್ದಳು.

ಅಧಿಕಾರಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಲೇ ಬಣ್ಣಗಾರನ ಮುಖ ಅರಳಿತು. “ಬನ್ನಿ, ಕೂತ್ಕೊಳ್ಳಿ. ಅವಸರ ಬೇಡ.”

“ನಿಮ್ಮ ಅಂಗಡಿಯ ಕರಾರು ಮುಗೀತಾ ಬಂದಿದೆಯಂತೆ. ಏನು ಮಾಡಬೇಕು ಅಂತಿದೀರಿ?”

ಅವನು ಅವಳ ಕೈಯಲ್ಲಿದ್ದ ಕಾಗದವನ್ನು ನೋಡಿದ. ಗಂಭೀರವಾಗಿ ತಲೆಯಾಡಿಸಿದ. “ಬೆಳಕಿಗೆ ಹಿಡಿದು ನೋಡಿ.”

“ಅಂದ್ರೆ?”

ಅಲ್ಲಿ ಒಂದು ಮೌನ ಬಂತು. ಆ ಮೌನಕ್ಕೆ ಬಣ್ಣದಕ್ಕ ಇಷ್ಟು ವರ್ಷಗಳಿಂದ ಹೆದರಿದವಳು. ಅದು ಬಾಯಿ ತೆರೆಯುವ ಮೊದಲೇ ಅವಳ ಬಾಯಿ ತೆರೆಯಿತು: “ಅವರು ಹೇಳ್ತಿದಾರೆ, ಯಾವುದೇ ಕಾಗದ ಆಗಲಿ ಚೆನ್ನಾಗಿ ಪರಿಶೀಲಿಸಿ ಆಮೇಲೇ ಸಹಿ ಹಾಕಬೇಕು ಅಂತ.”

ಅಧಿಕಾರಿಯ ಕಣ್ಣಲ್ಲಿ ಗೌರವ ಮೂಡಿತು. ಅವಳು ಏನನ್ನೋ ಬರೆದುಕೊಂಡಳು. ಇನ್ನೂ ಏನೇನೋ ಕೇಳಿದಳು. ಪ್ರತಿಯೊಂದಕ್ಕೂ ಬಣ್ಣಗಾರ ತನ್ನ ಮೂರು ಮಾತುಗಳಲ್ಲಿ ಒಂದನ್ನು ಹೇಳಿದ, ಪ್ರತಿಯೊಂದಕ್ಕೂ ಹೆಂಡತಿ ಚೆಂದದ ಅರ್ಥ ಹಚ್ಚಿದಳು. ಅಧಿಕಾರಿ ಹೊರಟ ಮೇಲೆ ಬಣ್ಣದಕ್ಕ ಕಾಫಿ ಲೋಟಗಳನ್ನು ತೊಳೆಯುತ್ತ, ಎಲ್ಲ ಸುಸೂತ್ರವಾಗಿ ಆಯಿತು ಎಂದುಕೊಂಡಳು. ಎಷ್ಟು ಸುಸೂತ್ರವಾಗಿ ಎಂಬುದು ವಕೀಲ ಕರೆಸಿದಾಗಲೇ ಗೊತ್ತಾದದ್ದು.

“ಏನಮ್ಮ ಇದು? ನೀವು ಕೊಟ್ಟ ಅರ್ಜಿಯಲ್ಲಿ ಒಬ್ಬ ಗಂಡ, ಬೀದಿಯವರ ಬಾಯಲ್ಲಿ ಇನ್ನೊಬ್ಬ ಗಂಡ!”

ಅವನು ಅಧಿಕಾರಿಯ ವರದಿಯನ್ನು ಓದುತ್ತ ಹೋದ. ಅಂಗಡಿಯ ಸಕಲ ನಿರ್ಧಾರವೂ ಬಣ್ಣಗಾರರದೇ ಎಂದು ದರ್ಜಿ ಹೇಳಿದ್ದ. ಅವರ ಮಾತಿಲ್ಲದೆ ಹೆಂಡತಿ ಒಂದು ನೂಲೂ ಅದ್ದುವುದಿಲ್ಲ ಎಂದು ಸ್ವೆಟರ್ ಹೆಣೆಯುವ ಹೆಂಗಸು ಹೇಳಿದ್ದಳು. ನನ್ನ ಮಗುವಿನ ಹೊದಿಕೆಯ ಬಣ್ಣ ಆರಿಸಿದ್ದೇ ಅವರು ಎಂದು ಪುಟ್ಟಿಯ ತಾಯಿ ಹೇಳಿದ್ದಳು. ಒಬ್ಬರ ಮಾತಿನಲ್ಲೂ ಹೊಟ್ಟೆಕಿಚ್ಚಿಲ್ಲ, ಚಾಡಿಯಿಲ್ಲ. ಎಲ್ಲರೂ ಆ ಮನುಷ್ಯನನ್ನು ಬಾಯ್ತುಂಬ ಹೊಗಳಿದ್ದರು. ಕೊನೆಯಲ್ಲಿ ಅಧಿಕಾರಿಯ ಮಾತು: ಬುದ್ಧಿ ನೆಟ್ಟಗಿರುವ ಗಂಡನ ಹಕ್ಕನ್ನು ಹೆಂಡತಿ ತನ್ನ ಕೈಗೆ ತೆಗೆದುಕೊಳ್ಳಲು ಹೊರಟಿರುವಂತೆ ಮೇಲ್ನೋಟಕ್ಕೆ ಕಾಣುತ್ತದೆ.

ಬಣ್ಣದಕ್ಕ ಬಹಳ ಹೊತ್ತು ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಉಗುರಿನ ಸಂದುಗಳಲ್ಲಿ ನೀಲಿ ಇತ್ತು, ಎಷ್ಟು ಉಜ್ಜಿದರೂ ಹೋಗದ್ದು.

“ನಾನು ಅವರನ್ನ ತುಂಬಾ ಚೆನ್ನಾಗಿ ಬಚ್ಚಿಟ್ಟುಬಿಟ್ಟೆ” ಎಂದಳು.

“ಹಾಗಾದ್ರೆ ಹುಡುಕಿಕೊಡಿ” ಎಂದ ವಕೀಲ. “ನ್ಯಾಯಾಧೀಶರ ಮುಂದೆ ಹೋಗೋ ಮೊದಲು ಇವರೆಲ್ಲರ ಹತ್ತಿರ ಹೋಗಿ ನಿಜ ಹೇಳಿ.”

ಹಾಗೆ ಬಣ್ಣದಕ್ಕ ತಾನೇ ಕಟ್ಟಿದ್ದನ್ನು ತಾನೇ ಕೆಡವಲು ಬೀದಿಗಿಳಿದಳು. ನನ್ನ ಗಂಡನಿಗೆ ಏನೂ ತಿಳಿಯದು ಎಂದು ಮನೆಮನೆಯ ಬಾಗಿಲಲ್ಲಿ ನಿಂತು ಹೇಳುವುದೆಂದರೆ, ಬದುಕಿರುವವನ ಸಾವಿನ ಸುದ್ದಿ ಹಂಚಿದ ಹಾಗಿತ್ತು. ಅದಕ್ಕಿಂತ ಕಷ್ಟದ ಸಂಗತಿಯೆಂದರೆ ಯಾರೂ ನಂಬದಿದ್ದದ್ದು.

“ಏನಕ್ಕಾ, ಜಗಳ ಆಯ್ತಾ ಮನೇಲಿ?” ಎಂದ ದರ್ಜಿ, ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ. “ಸಿಟ್ಟು ಬಂದಾಗ ನಮ್ಮನೆಯವಳೂ ಹೀಗೇ ಅಂತಾಳೆ, ಇವರಿಗೆ ಏನೂ ತಿಳಿಯಲ್ಲ ಅಂತ.”

“ಸಿಟ್ಟಲ್ಲ ಅಣ್ಣ, ನಿಜ. ವರ್ಷಗಳೇ ಆದವು.”

“ಮತ್ತೆ ನನ್ನ ಕೋಟಿಗೆ ಕಡುನೀಲಿ ಹೇಳಿದ್ದು?”

“ನಾನೇ.”

“ನಮ್ಮನೆಯವಳಿಗೆ ಹಸಿರು ಅಂಗಿ ಆಗಿ ಬರಲ್ಲ ಅಂದದ್ದು?”

“ಅದೂ ನಾನೇ.”

ದರ್ಜಿಯ ಕಾಲು ನಿಂತಿತು. ಮೋಸ ಹೋದವನ ಮುಖ ಮಾಡಿ ಎದ್ದು, ಗೂಟದ ಮೇಲಿದ್ದ ಕೋಟು ತೆಗೆದು, ಬಾಗಿಲಿಗೆ ಒಯ್ದು ತಿರುಗಿಸಿ ಮುರುಗಿಸಿ ನೋಡಿದ. ಎಲ್ಲಾದರೂ ಕೆಟ್ಟಿದ್ದರೆ ಬಯ್ಯಬಹುದಿತ್ತು. “ಬಣ್ಣ ಚೆನ್ನಾಗೇ ಇದೆ ಬಿಡಿ” ಎಂದು ಒಲ್ಲದ ಮನಸ್ಸಿನಿಂದ ಗೊಣಗಿದ. ಆಮೇಲೆ ದನಿ ತಗ್ಗಿತು. “ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ಯಾ ತಂಗೀ? ಒಂದು ಮಾತು ಹೇಳಬಾರದಿತ್ತಾ?”

ಎದುರುಮನೆಗೆ ಅವಳು ಕೊನೆಗೆ ಹೋದಳು. ಪುಟ್ಟಿಯ ತಾಯಿ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದು, ನಿಂತೇ ಎಲ್ಲ ಕೇಳಿಸಿಕೊಂಡು, ತೊಟ್ಟಿಲ ಹೊದಿಕೆಯ ಮಾತು ಬಂದಾಗ ಮಾತ್ರ ಕುರ್ಚಿಯ ಮೇಲೆ ಕೂತಳು.

“ಸಿಟ್ಟು ಬಂತೇನೇ?” ಎಂದಳು ಬಣ್ಣದಕ್ಕ.

“ಇಲ್ಲ ಅಕ್ಕ. ಆ ಹಸಿರು ನೋಡಿದಾಗೆಲ್ಲ ಅವರಿಗೆ ಮನಸ್ಸಲ್ಲೇ ಕೈಮುಗೀತಿದ್ದೆ. ಇನ್ನು ನಿಮಗೂ ಮುಗೀಬೇಕಲ್ಲ, ಕೆಲಸ ಜಾಸ್ತಿ ಆಯ್ತು.” ಅವಳು ನಕ್ಕು, ಕೈಯ ಹಿಟ್ಟು ಉದುರಿಸಿ, ಮರುಗಳಿಗೆಯೇ ಕೆಲಸದ ಮಾತಿಗೆ ಇಳಿದಳು: ಅಧಿಕಾರಿಯ ಕಚೇರಿ ಎಲ್ಲಿ, ದರ್ಜಿಯಣ್ಣನನ್ನೂ ಕರೆದುಕೊಂಡು ಎಷ್ಟು ಹೊತ್ತಿಗೆ ಹೋದರೆ ಸಿಗುತ್ತಾರೆ, ಹೇಳಿದ್ದನ್ನು ತಿದ್ದಿಸಬೇಕಾದರೆ ಏನು ಒಯ್ಯಬೇಕು.

ನ್ಯಾಯಾಧೀಶರ ಕೋಣೆ ಬಣ್ಣದಕ್ಕ ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಒಂದು ಉದ್ದನೆಯ ಮೇಜು, ಎತ್ತರದ ಕಿಟಕಿ, ನೆರೆಗೂದಲಿನ ಹೆಂಗಸು, ಅವರೇ ನ್ಯಾಯಾಧೀಶರು. ಬಾಗಿಲಿನ ಚೌಕಟ್ಟು ಹಿಡಿದು ನಿಂತ ಬಣ್ಣಗಾರನನ್ನು ಒಳಗೆ ಕರೆತರಲು ಬಹಳ ಹೊತ್ತು ಹಿಡಿಯಿತು. ಕೇಳುವವರೆಗೆ ಬಾಯಿ ಬಿಡಬೇಡಿ ಎಂದು ವಕೀಲ ಅವಳಿಗೆ ಮೊದಲೇ ಎಚ್ಚರಿಸಿದ್ದ.

ನ್ಯಾಯಾಧೀಶರು ತಮ್ಮ ಕುರ್ಚಿ ಬಿಟ್ಟು ಬಂದು ಬಣ್ಣಗಾರನ ಪಕ್ಕದಲ್ಲೇ ಕೂತರು. ಕರಾರಿನ ಬಗ್ಗೆ ಕೇಳಿದರು. ಬೆಳಕಿಗೆ ಹಿಡಿದು ನೋಡಿ ಎಂದ. ಊರಿನ ಹೆಸರು ಕೇಳಿದರು, ವರ್ಷ ಕೇಳಿದರು, ಇನ್ನೊಂದು ಪಕ್ಕದಲ್ಲಿ ಕೂತ ಬಣ್ಣದಕ್ಕನನ್ನು ತೋರಿಸಿ ಇವರು ಯಾರೆಂದು ಕೇಳಿದರು.

ಈ ಸಲ ಬಣ್ಣದಕ್ಕ ತುಟಿ ಬಿಗಿಹಿಡಿದಳು. ಮೌನ ಬಂತು. ಬಂದದ್ದು ಹೋಗಲಿಲ್ಲ. ಇಷ್ಟು ವರ್ಷ ಅವಳು ಆ ಮೌನವನ್ನು ಹುಟ್ಟಿದಲ್ಲೇ ಮುಚ್ಚಿಹಾಕಿದ್ದಳು. ಅದು ಎಷ್ಟು ಉದ್ದವಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ಈಗ ಅದು ತೊಳೆದ ಬಿಳಿಯ ಬಟ್ಟೆಯ ಹಾಗೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹರಡಿಕೊಂಡಿತು. ಅದರಲ್ಲಿ ಭಯವೇನೂ ಇರಲಿಲ್ಲ. ಅವಳ ಗಂಡ ಅದರೊಳಗೆ ಆರಾಮವಾಗಿ ಕೂತಿದ್ದ. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಅವಳು ಯಾರೆಂದು ಅವನು ಹೇಳಲಿಲ್ಲ. ಅವಳ ತೋಳಿನ ಮೇಲಿದ್ದ ತನ್ನ ಕೈಯನ್ನು ತೆಗೆಯಲೂ ಇಲ್ಲ.

ನ್ಯಾಯಾಧೀಶರು ಕೊನೆಗೆ ಬೇರೆಯೇ ದನಿಯಲ್ಲಿ ಕೇಳಿದರು: “ಮನೇಲಿ ಎಲ್ಲಿ ಕೂತ್ಕೊಳ್ಳೋಕೆ ಇಷ್ಟ ನಿಮಗೆ?”

ಗೋಡೆಯ ಮೇಲೆ ಬಿಸಿಲು ಒಂದು ಅಂಗುಲ ಸರಿದಿರಬೇಕು.

“ಕಿಟಕಿ” ಎಂದ ಬಣ್ಣಗಾರ.

ಬಣ್ಣದಕ್ಕ ಬೆಚ್ಚಿ ಅವನ ಕಡೆ ತಿರುಗಿದಳು. ಅದು ಅಂಗಡಿಯ ಮಾತಾಗಿರಲಿಲ್ಲ.

“ಕಿಟಕಿ ಮುಚ್ಚಿರಬೇಕಾ, ತೆರೆದಿರಬೇಕಾ?”

ಅವನ ಹಣೆಯಲ್ಲಿ ಗೆರೆ ಮೂಡಿತು, ಆಳವಾದ ಬಾವಿಯಿಂದ ಏನನ್ನೋ ಸೇದುತ್ತಿರುವವನ ಹಾಗೆ.

“ತೆಗೀರಿ” ಎಂದ. ಆಮೇಲೆ, ಬಹಳ ದಣಿದು, “ಗಾಳಿ” ಎಂದ.

ಆ ಕಿಟಕಿಯನ್ನು ಬಣ್ಣದಕ್ಕ ಯಾವತ್ತೂ ಮುಚ್ಚಿಯೇ ಇಡುತ್ತಿದ್ದಳು. ಅವನಿಗೆ ಶೀತವಾಗಬಾರದು, ಅಂಗಳದ ಒದ್ದೆ ಲಡಿಗಳ ವಾಸನೆ ಒಳಗೆ ಬರಬಾರದು ಎಂದು. ದಿನಕ್ಕೆ ಎಷ್ಟೋ ಸಲ ಪರದೆ ಸರಿಸಿ ಅವನನ್ನು ಕೇಳಿ ಬರುತ್ತೇನೆ ಎಂದವಳು. ಅಷ್ಟು ಸಲ ಹೋದವಳು ಒಂದೇ ಒಂದು ಸಲವೂ ಕೇಳಿರಲಿಲ್ಲ.

“ಅಮ್ಮ” ಎಂದರು ನ್ಯಾಯಾಧೀಶರು. “ಅಂಗಡಿಯ ಕರಾರು, ಔಷಧಿ, ಬ್ಯಾಂಕಿನ ವ್ಯವಹಾರ ಇವು ಅವರಿಗೆ ಆಗಲ್ಲ. ಅಷ್ಟಕ್ಕೆ ನಿಮ್ಮನ್ನ ಅವರ ಪಾಲಕಿ ಅಂತ ನೇಮಿಸ್ತೀನಿ. ಕಿಟಕಿ ಅವರದು. ಊಟ, ಬಟ್ಟೆ, ಎಲ್ಲಿ ಕೂರಬೇಕು, ಯಾರ ಜೊತೆ ಇರಬೇಕು ಅನ್ನೋದು ಅವರದೇ, ಅವರು ಹೇಳಬಲ್ಲಷ್ಟು ದಿನ. ಅದನ್ನ ನೀವು ಕೇಳಬೇಕು. ನಿಜವಾಗಿ ಕೇಳಬೇಕು.” ಆಮೇಲೆ ಕಾಗದಗಳ ಕಡೆ ತಿರುಗುತ್ತ, “ಆಗಾಗ ಬಂದು ನೋಡೋಕೆ ಮನೆಯವರಲ್ಲದ ಒಬ್ಬರ ಹೆಸರು ಬೇಕು. ಅವಸರ ಇಲ್ಲ, ಯೋಚಿಸಿ ಹೇಳಿ” ಎಂದರು.

ಕರಾರಿನ ಮೇಲೆ ಬಣ್ಣದಕ್ಕ ಸಹಿ ಹಾಕಿದಳು, ಗಂಡನ ಪರವಾಗಿ ಎಂದು ಬರೆದು. ಕಟ್ಟಡದ ಯಜಮಾನ ಕೈಕುಲುಕಿ ಹೋದ. ಔಷಧಿ ಅಂಗಡಿಯವರು ಬೇರೆ ಜಾಗ ನೋಡಿಕೊಂಡರು. ಅಂಗಡಿಯಲ್ಲಿ ಈಗ ಬಣ್ಣದ ಮಾತನ್ನು ಬಣ್ಣದಕ್ಕ ತನ್ನದೇ ಬಾಯಿಂದ ಹೇಳುತ್ತಾಳೆ. ಮೊದಮೊದಲು ಗಿರಾಕಿಗಳು, “ನೋಡಿಕೊಂಡು ಹೇಳಿ ಅಕ್ಕ” ಎಂದು ಅನುಮಾನಿಸುತ್ತಿದ್ದರು. ಸ್ವೆಟರ್ ಹೆಣೆಯುವ ಹೆಂಗಸಂತೂ ತಾನು ತಂದ ಲಡಿಯನ್ನು ವಾಪಸ್ ಒಯ್ದು, ಬೇರೆ ಕಡೆ ಹಾಕಿಸಿ, ಒಂದೇ ಒಗೆತಕ್ಕೆ ಬಣ್ಣ ಬಿಟ್ಟಾಗ ಮುಖ ಸಿಂಡರಿಸಿಕೊಂಡು ಮರಳಿ ಬಂದಳು.

ಒಳಕೋಣೆಯ ಕಿಟಕಿ ತೆರೆದಿದೆ. ಗಾಳಿ ಬಂದಾಗ ಅಂಗಳದ ಲಡಿಗಳೆಲ್ಲ ಒಟ್ಟಿಗೆ ಒಂದು ಕಡೆಗೆ ವಾಲುತ್ತವೆ, ಒಳಗಿನ ಬೆಳಕೂ ಅವುಗಳ ಜೊತೆ ವಾಲುತ್ತದೆ. ಬಣ್ಣಗಾರ ನೂಲಿನ ಉಂಡೆಯನ್ನು ಮಡಿಲಲ್ಲೇ ಬಿಟ್ಟು ಅದನ್ನು ನೋಡುತ್ತ ಕೂರುತ್ತಾನೆ. ಬಣ್ಣದಕ್ಕ ಬೆಳಗ್ಗೆ ಎರಡು ಅಂಗಿ ಹಿಡಿದು ಅವನ ಮುಂದೆ ನಿಲ್ಲುತ್ತಾಳೆ. “ಯಾವುದು ರೀ?” ಕೆಲವು ದಿನ ಅವನ ಕೈ ಒಂದರ ಕಡೆ ಚಾಚುತ್ತದೆ. ಕೆಲವು ದಿನ ಅವಳ ತೋಳು ಸೋತು, ಹೊರಗೆ ಹಂಡೆ ಉಕ್ಕಿ, ಗಿರಾಕಿ ಕೂಗಿ, ಅವಳೇ ಒಂದನ್ನು ಅವನ ತಲೆಯ ಮೇಲಿಂದ ಇಳಿಸಿಬಿಡುತ್ತಾಳೆ. ಇಳಿಸಿದ ಮೇಲೆ ತಾನು ಕಾದೆನೋ ಇಲ್ಲವೋ ಎಂದು ಅವಳಿಗೆ ತಿಳಿಯದಾಗುತ್ತದೆ. ನೀಲಿ ಅಂಗಿ ಅಂದರೆ ಅವರಿಗೆ ಇಷ್ಟ ಎಂದು ಮೊನ್ನೆ ದರ್ಜಿಗೆ ಹೇಳಿದಳು. ಹೇಳಿದ ಮೇಲೆ ಯೋಚಿಸಿದಳು. ಇಷ್ಟ ಯಾರದು, ಅವನದೋ ತನ್ನದೋ?

ನ್ಯಾಯಾಲಯಕ್ಕೆ ಹೆಸರು ಕೊಡಬೇಕಾದ ದಿನ ಹತ್ತಿರ ಬಂತು. ಒಂದು ಸಂಜೆ ಬಣ್ಣದಕ್ಕ ಅಂಗಡಿ ಬಾಗಿಲು ಎಳೆದು ಎದುರುಮನೆಗೆ ಹೋದಳು. ಪುಟ್ಟಿ ನೆಲದ ಮೇಲೆ ಹೊರಳಿ ಮಲಗಿ ಏನೋ ಗೀಚುತ್ತಿದ್ದಳು. ಅವಳ ತಾಯಿ ಒಣಗಿದ ಬಟ್ಟೆಗಳ ಗುಡ್ಡೆಯ ನಡುವೆ ಕೂತು ಮಡಚುತ್ತಿದ್ದಳು.

“ಬನ್ನಿ ಅಕ್ಕ, ಕೂತ್ಕೊಳ್ಳಿ. ಆ ಕುರ್ಚಿ ಮೇಲಿರೋದನ್ನ ಕೆಳಗೆ ದಬ್ಬಿ.”

ಬಣ್ಣದಕ್ಕ ಕೂರಲಿಲ್ಲ. ಒಂದು ಪುಟ್ಟ ಲಂಗ ಎತ್ತಿಕೊಂಡು, ಅಂಚು ಸರಿಮಾಡಿ, ಮಡಚಿ, ಮತ್ತೆ ಬಿಚ್ಚಿದಳು.

“ನಿನ್ನ ಹತ್ತಿರ ಒಂದು ಕೇಳಬೇಕಿತ್ತು ಮಗಳೇ. ಬಂದು ನೋಡೋರ ಹೆಸರು ಕೇಳಿದಾರಲ್ಲ, ನಿನ್ನ ಹೆಸರು ಕೊಡ್ಲಾ?”

“ಅದಕ್ಕೇನಕ್ಕ, ಕೊಡಿ. ದಿನಾ ಬರೋಳೇ ಅಲ್ವಾ ನಾನು?”

“ಹಾಗಲ್ಲ ಕಣೇ. ಹಾಗೆ ಬಂದ್ರೆ ನಾನು ಬಾಗಿಲಲ್ಲೇ ನಿಲ್ಲಿಸ್ಕೊಂಡು ಎಲ್ಲಾ ಹೇಳ್ತೀನಿ. ಚೆನ್ನಾಗಿ ಹೇಳ್ತೀನಿ, ನೀನು ನಂಬ್ತೀಯ. ನಾನೂ ನಂಬ್ತೀನಿ, ಅದೇ ನನ್ನ ಭಯ.” ಅವಳು ಲಂಗವನ್ನು ಎದೆಗವಚಿಕೊಂಡು ನಿಂತಿದ್ದಳು. “ನಾನು ನೂಲು ತರೋಕೆ ಹೋಗಿರ್ತೀನಲ್ಲ, ಆಗ ಬಾ. ನಾನು ಇದ್ದರೂ ನನ್ನನ್ನ ಹೊರಗೆ ಕಳಿಸು. ಅವರ ಪಕ್ಕ ಕೂತ್ಕೋ. ಅಂಗಿ ಸರಿಯಿದೆಯಾ, ಊಟ ಬೇಕಾಗಿತ್ತಾ, ನಾನು ಒರಟಾಗಿ ಆಡ್ತೀನಾ, ಎಲ್ಲಾ ಅವರನ್ನೇ ಕೇಳು. ಕೇಳಿಬಿಟ್ಟು ಎದ್ದು ಬರಬೇಡ. ತುಂಬಾ ಹೊತ್ತು ಹಿಡಿಯುತ್ತೆ ಅವರಿಗೆ. ಉತ್ತರಕ್ಕೆ ಕಾಯೋಷ್ಟು ಬಿಡುವಿದ್ದ ದಿನ ಬರ್ತೀಯೇನೇ?”